ಗಣಿತಶ್ರೇಷ್ಠ ಆನ್ರಿ ಪ್ವಾಂಕಾರೆ

ಪಂಚಾಂಗವನ್ನು ತೆರೆದು ನೋಡಿದರೆ ಮುಂದೆ ಬರಲಿರುವ ಗ್ರಹಣದ ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲಗಳು ಮೊದಲೇ ಮುದ್ರಿತವಾಗಿರುತ್ತವೆ. ಆಕಾಶದ ಸೂರ್ಯಚಂದ್ರರು ಆ ಲೆಕ್ಕವನ್ನು ಮೀರದೆ ನಡೆಯುತ್ತಾರೆ. ಇದನ್ನು ಕಂಡ ಮನುಷ್ಯನಲ್ಲಿ, ನಿಯಮವನ್ನು ಅರಿತವನು ಭವಿಷ್ಯವನ್ನೂ ಅರಿಯಬಲ್ಲನೆಂಬ ನಂಬಿಕೆ ಬೇರೂರಿದುದು ಸಹಜವೇ ಸರಿ. ಆ ನಂಬಿಕೆಗೂ ಒಂದು ಎಲ್ಲೆಯುಂಟೆಂಬುದನ್ನು ಗಣಿತದ ಮೂಲಕವೇ ತೋರಿಸಿಕೊಟ್ಟ ಮಹಾಮೇಧಾವಿ ಫ್ರಾನ್ಸ್ ದೇಶದ ಆನ್ರಿ ಪ್ವಾಂಕಾರೆ. ಇಂದು ಸಂಕೀರ್ಣ ವ್ಯವಸ್ಥೆಗಳ ವಿಜ್ಞಾನವೆಂದು ಕರೆಯಲಾಗುವ ಶಾಸ್ತ್ರದ ಮೂಲಪುರುಷರಲ್ಲಿ ಆತನೊಬ್ಬನು. ಆ ಎಲ್ಲೆಯನ್ನು ಆತನು ಕಂಡುದು ತನ್ನದೇ ಒಂದು ತಪ್ಪಿನ ಮೂಲಕ ಎಂಬುದು ವಿದ್ಯಾರ್ಥಿಗಳು ಮನಗಾಣಬೇಕಾದ ಸಂಗತಿ.

ಪ್ವಾಂಕಾರೆ 1854ನೆಯ ಇಸವಿ ಏಪ್ರಿಲ್ 29ರಂದು ಫ್ರಾನ್ಸಿನ ಲೋರೇನ್ ಪ್ರಾಂತದ ನಾನ್ಸಿ ನಗರದಲ್ಲಿ ಜನಿಸಿದನು. ತಂದೆ ಲೆಯೋನ್ ಪ್ವಾಂಕಾರೆ ವೈದ್ಯವಿದ್ಯೆಯ ಪ್ರಾಧ್ಯಾಪಕ. ತಾಯಿ ಯೂಜೆನಿ ಮಕ್ಕಳ ವಿದ್ಯಾಭ್ಯಾಸದಲ್ಲಿ ವಿಶೇಷ ಆಸಕ್ತಿಯುಳ್ಳವಳು. ಐದನೆಯ ವಯಸ್ಸಿನಲ್ಲಿ ಬಾಲಕನಿಗೆ ಗಂಟಲಮಾರಿ ರೋಗ ತಗುಲಿತು. ಅದರ ಫಲವಾಗಿ ಹಲವು ತಿಂಗಳ ಕಾಲ ಆತನಿಗೆ ಮಾತನಾಡಲೂ ಸಾಧ್ಯವಾಗಲಿಲ್ಲ. ದೇಹ ದುರ್ಬಲವಾಯಿತು, ಓರಗೆಯವರೊಡನೆ ಆಡುವ ಭಾಗ್ಯ ಕಡಿಮೆಯಾಯಿತು, ಪುಸ್ತಕಗಳೇ ಸಂಗಾತಿಗಳಾದವು. ದೃಷ್ಟಿ ಮಂದವಾಗಿದ್ದುದರಿಂದ ತರಗತಿಯ ಕಪ್ಪುಹಲಗೆಯ ಮೇಲಿನ ಬರೆಹ ಆತನಿಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಆದುದರಿಂದ ಕೇಳಿದುದನ್ನೆಲ್ಲ ಮನಸ್ಸಿನಲ್ಲಿಯೇ ಚಿತ್ರಿಸಿಕೊಂಡು ನೆನಪಿನಲ್ಲಿಡುವ ಶಕ್ತಿಯನ್ನು ಆತನು ಬೆಳೆಸಿಕೊಂಡನು. ಮುಂದೆ ಬರಿಗಣ್ಣಿಗೆ ಕಾಣದ ಆಕೃತಿಗಳನ್ನು ಅಂತರಂಗದಲ್ಲಿ ಕಾಣಬಲ್ಲವನಾದುದಕ್ಕೆ ಈ ಅಭ್ಯಾಸವು ಒತ್ತಾಸೆಯಾಗಿದ್ದಿರಬೇಕು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಸಂಭವಿಸಿ ನಾನ್ಸಿ ನಗರವು ಶತ್ರುಸೈನ್ಯದ ವಶವಾಯಿತು. ಹದಿನಾರರ ಬಾಲಕನು ಗಾಯಾಳುಗಳ ಶುಶ್ರೂಷೆಯಲ್ಲಿ ತಂದೆಗೆ ನೆರವಾದನು. ಯುದ್ಧವಾರ್ತೆಗಳನ್ನು ಅರಿಯಬೇಕೆಂಬ ಹಂಬಲದಿಂದ ಜರ್ಮನ್ ಭಾಷೆಯನ್ನು ಕಲಿತನು. 1873ರಲ್ಲಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ಎಂಬ ಸುಪ್ರಸಿದ್ಧ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದನು. ಗಣಿತದಲ್ಲಿ ಅಸಾಧಾರಣನಾದ ಆ ಯುವಕನಿಗೆ ಚಿತ್ರ ಬರೆಯುವುದು ಮಾತ್ರ ಕಡೆಯವರೆಗೂ ಕೈಗೆ ಹತ್ತಲಿಲ್ಲ. ಬಳಿಕ ಗಣಿವಿದ್ಯೆಯನ್ನು ಅಭ್ಯಾಸ ಮಾಡಿ, 1879ರಲ್ಲಿ ವೆಸೂಲ್ ಎಂಬಲ್ಲಿ ಗಣಿಗಳ ಎಂಜಿನಿಯರನಾಗಿ ನಿಯುಕ್ತನಾದನು.

ಅದೇ ವರ್ಷ ಅಲ್ಲಿಗೆ ಸಮೀಪದ ಮಾನ್ಯಿ ಕಲ್ಲಿದ್ದಲ ಗಣಿಯಲ್ಲಿ ಅನಿಲ ಸ್ಫೋಟವಾಗಿ ಅನೇಕ ಕಾರ್ಮಿಕರು ಮಡಿದರು. ಕಾರಣವನ್ನು ಶೋಧಿಸುವ ಹೊಣೆ ಇಪ್ಪತ್ತೈದು ವರ್ಷದ ಪ್ವಾಂಕಾರೆಯ ಮೇಲೆ ಬಿದ್ದಿತು. ಅಪಾಯವಿನ್ನೂ ಪೂರ್ಣವಾಗಿ ಕಳೆಯದಿದ್ದರೂ ಆತನು ಗಣಿಯೊಳಕ್ಕೆ ಇಳಿದು ಒಂದೊಂದನ್ನೂ ಪರೀಕ್ಷಿಸಿದನು. ಗಣಿಯ ಸುರಕ್ಷಾದೀಪಗಳಲ್ಲಿ ಉರಿಯ ಸುತ್ತ ಸಣ್ಣ ಕಣ್ಣಿನ ತಂತಿಬಲೆಯಿರುತ್ತದೆ. ಅದು ಉರಿಯನ್ನು ಹೊರಗಿನ ಅನಿಲಕ್ಕೆ ತಾಗದಂತೆ ತಡೆಯುತ್ತದೆ. ಅಂಥ ಒಂದು ದೀಪದ ಬಲೆಯಲ್ಲಿ ಗುದ್ದಲಿಯ ಮೊನೆ ತಾಗಿದಂತಹ ಪುಟ್ಟ ತೂತು ಆತನ ಕಣ್ಣಿಗೆ ಬಿದ್ದಿತು. ಅಷ್ಟು ಕಿರಿದಾದ ತೂತು ಅಷ್ಟು ಜೀವಗಳ ಅಂತ್ಯಕ್ಕೆ ಕಾರಣವಾಯಿತೆಂದು ಆತನು ವರದಿ ಸಲ್ಲಿಸಿದನು. ಅಲ್ಪ ಕಾರಣದಿಂದ ಅನಲ್ಪ ಪರಿಣಾಮ ಹುಟ್ಟುವುದನ್ನು ಆತನು ಗಣಿತದಲ್ಲಿ ಕಾಣುವುದಕ್ಕೆ ಹತ್ತು ವರ್ಷ ಮೊದಲೇ ಭೂಗರ್ಭದ ಕತ್ತಲೆಯಲ್ಲಿ ಕಂಡಿದ್ದನು.

1879ರಲ್ಲಿಯೇ ಡಾಕ್ಟರೇಟ್ ಪದವಿ ಪಡೆದ ಪ್ವಾಂಕಾರೆ ಕಾನ್ ನಗರದಲ್ಲಿ ಕೆಲಕಾಲ ಬೋಧಿಸಿ, 1881ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಬಂದನು. ಅದೇ ವರ್ಷ ಲೂಯಿಸ್ ಪುಲೇನ್ ದಾಂದೆಸಿ ಎಂಬ ಕನ್ಯೆಯನ್ನು ವಿವಾಹವಾದನು. ಈ ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳೂ ಒಬ್ಬ ಗಂಡುಮಗನೂ ಜನಿಸಿದರು. 1887ರಲ್ಲಿ, ಇನ್ನೂ ಮೂವತ್ತೆರಡನೆಯ ವಯಸ್ಸಿನಲ್ಲಿಯೇ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಆತನಿಗೆ ಲಭಿಸಿತು.

ಇಷ್ಟರಲ್ಲಿ ಸ್ವೀಡನ್ ಮತ್ತು ನಾರ್ವೆ ದೇಶಗಳ ಅರಸನಾದ ಎರಡನೆಯ ಆಸ್ಕರನು ತನ್ನ ಅರವತ್ತನೆಯ ಹುಟ್ಟುಹಬ್ಬದ ನಿಮಿತ್ತ ಒಂದು ಗಣಿತ ಸ್ಪರ್ಧೆಯನ್ನು ಏರ್ಪಡಿಸಿದ್ದನು. ಸ್ಟಾಕ್‌ಹೋಮಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಅದರ ಸೂತ್ರಧಾರಿ. ಬಹುಮಾನ ಒಂದು ಚಿನ್ನದ ಪದಕ ಹಾಗೂ 2500 ಕ್ರೌನ್ ನಾಣ್ಯಗಳು. ಕೊಟ್ಟಿದ್ದ ಪ್ರಶ್ನೆಗಳಲ್ಲಿ ಒಂದು ಬಹು ಪುರಾತನವಾದುದು. ಎರಡು ಕಾಯಗಳು ಪರಸ್ಪರ ಆಕರ್ಷಿಸುತ್ತ ಸುತ್ತುವ ಬಗೆಯನ್ನು ನ್ಯೂಟನ್ ಮಹಾಶಯನು ಪೂರ್ಣವಾಗಿ ಬಿಡಿಸಿಟ್ಟಿದ್ದನು. ಸೂರ್ಯ, ಭೂಮಿ, ಚಂದ್ರ ಎಂದು ಮೂರು ಕಾಯಗಳಾದೊಡನೆ ಲೆಕ್ಕ ಕೈಗೆ ಸಿಗದಾಗುತ್ತಿತ್ತು. ನಿಯಮ ಒಂದೇ, ಅದೂ ಸರಳ. ಆದರೆ ಒಂದರ ಚಲನೆ ಇನ್ನೊಂದನ್ನು ಬಾಧಿಸಿ, ಆ ಬಾಧೆ ಮರಳಿ ಮೊದಲನೆಯದನ್ನು ಮುಟ್ಟಿ, ಮೂವರ ಜಗಳದಂತೆ ಎಲ್ಲವೂ ತೊಡಕಾಗುತ್ತಿತ್ತು. ಅಂತಿರಲು ಗ್ರಹಮಂಡಲವು ಹೀಗೆಯೇ ಎಂದೆಂದಿಗೂ ಸ್ಥಿರವಾಗಿ ನಿಲ್ಲುವುದೆ ಎಂಬುದು ಆ ಪ್ರಶ್ನೆಯ ಹಿಂದಿದ್ದ ಆತಂಕ.

ಪ್ವಾಂಕಾರೆ ಮೂರು ಕಾಯಗಳ ಒಂದು ಸರಳೀಕೃತ ರೂಪವನ್ನು ಆರಿಸಿಕೊಂಡು ದೀರ್ಘ ಪ್ರಬಂಧವನ್ನು ಬರೆದನು. ಬರ್ಲಿನ್ನಿನ ವೈಯರ್‌ಸ್ಟ್ರಾಸ್, ಪ್ಯಾರಿಸ್ಸಿನ ಎರ್ಮಿತ್ ಮತ್ತು ಮಿಟ್ಟಾಗ್-ಲೆಫ್ಲರ್ ತೀರ್ಪುಗಾರರಾಗಿದ್ದರು. 1889ರ ಜನವರಿಯಲ್ಲಿ ಆತನಿಗೇ ಬಹುಮಾನವೆಂದು ಘೋಷಣೆಯಾಯಿತು. ಯುರೋಪಿನಲ್ಲೆಲ್ಲ ಆತನ ಕೀರ್ತಿ ಹರಡಿತು.

ಪ್ರಬಂಧವನ್ನು ಮಿಟ್ಟಾಗ್-ಲೆಫ್ಲರನ ಗಣಿತಪತ್ರಿಕೆಯಲ್ಲಿ ಅಚ್ಚು ಮಾಡಿಸುವ ಕಾರ್ಯ ಮೊದಲಾಯಿತು. ಫ್ರಾಗ್ಮೆನ್ ಎಂಬ ತರುಣನು ಅದನ್ನು ಪರಿಷ್ಕರಿಸುತ್ತಿರುವಾಗ ಕೆಲವೆಡೆ ಅಸ್ಪಷ್ಟತೆ ಕಂಡು ಪ್ರಶ್ನೆಗಳನ್ನೆತ್ತಿದನು. ಅವುಗಳಿಗೆ ಸಮಾಧಾನ ಬರೆಯುವುದಕ್ಕಾಗಿ ಪ್ವಾಂಕಾರೆ ತನ್ನ ಬರೆಹವನ್ನು ಮತ್ತೆ ಶೋಧಿಸುತ್ತಿದ್ದಾಗ ಬೇರೊಂದು ಕಡೆ ಗುರುತರವಾದ ದೋಷವಿರುವುದು ಆತನಿಗೇ ಗೋಚರಿಸಿತು. ಅದು ಅಕ್ಷರದೋಷವಲ್ಲ, ಮುಖ್ಯ ಸಿದ್ಧಾಂತಗಳಲ್ಲೊಂದನ್ನೇ ಕೆಡಹುವಂತಹ ದೋಷ. ಬಹುಮಾನ ಬಂದಾಗಿದೆ, ಕೀರ್ತಿ ಹಬ್ಬಿದೆ, ಅಚ್ಚಿನ ಕೆಲಸವೂ ಮುಗಿದಿದೆ. ತೀರ್ಪುಗಾರರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮೌನವಾಗಿದ್ದುಬಿಡುವ ಅವಕಾಶ ಆತನಿಗಿತ್ತು. ಆದರೆ 1889ರ ಚಳಿಗಾಲದ ಆರಂಭದಲ್ಲಿ ಆತನು ತನ್ನ ತಪ್ಪನ್ನೂ ಅದರಿಂದಾಗುವ ಪರಿಣಾಮವನ್ನೂ ಮರೆಮಾಚದೆ ಸಂಪಾದಕನಿಗೆ ಪತ್ರದ ಮೂಲಕ ತಿಳಿಸಿದನು.

ಮಿಟ್ಟಾಗ್-ಲೆಫ್ಲರ್ ಹಂಚಲಾಗಿದ್ದ ಕೆಲವು ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಂಡನು. ಮರುಮುದ್ರಣದ ವೆಚ್ಚ 3500 ಕ್ರೌನ್‌ಗಳನ್ನು ಮೀರಿತು. ಪ್ವಾಂಕಾರೆ ಅದನ್ನು ಸ್ವತಃ ಭರಿಸಿದನು. ಬಂದ ಬಹುಮಾನಕ್ಕಿಂತ ಕೈಬಿಟ್ಟ ಹಣವೇ ಒಂದು ಸಾವಿರ ಕ್ರೌನ್‌ಗಳಿಗೂ ಹೆಚ್ಚಾಯಿತು. ಸ್ಪರ್ಧೆಯ ಘನತೆಗೆ ಕುಂದು ಬಾರದಿರಲೆಂದು ಸಂಪಾದಕನು ಈ ಪ್ರಕರಣವನ್ನು ಲೋಕಕ್ಕೆ ತಿಳಿಯಗೊಡಲಿಲ್ಲ. ಪ್ವಾಂಕಾರೆಯೂ ಅದನ್ನು ಬಹಿರಂಗವಾಗಿ ಸಾರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸುಮಾರು ಒಂದು ಶತಮಾನದ ತರುವಾಯ, ಉಳಿದುಕೊಂಡಿದ್ದ ಹಳೆಯ ಮುದ್ರಿತ ಪ್ರತಿಯನ್ನು ಪರಿಶೀಲಿಸಿದ ವಿದ್ವಾಂಸರಿಂದ ಪೂರ್ಣ ವೃತ್ತಾಂತವು ಬೆಳಕಿಗೆ ಬಂದಿತು. ಮಹಾತ್ಮರ ಚರಿತ್ರೆಯಲ್ಲಿಯೂ ಲೋಕಾಪವಾದದ ಅಂಜಿಕೆಯ ಛಾಯೆ ಇಣುಕುವುದುಂಟು. ಆದರೂ ಹೇಳಬೇಕಾದವನಿಗೆ ಹೇಳಬೇಕಾದ ಹೊತ್ತಿನಲ್ಲಿ ಸತ್ಯವನ್ನು ಹೇಳಿ, ಅದರ ಬೆಲೆಯನ್ನು ತಾನೇ ತೆತ್ತನೆಂಬುದು ಕಡಿಮೆಯ ಮಾತಲ್ಲ.

ಇನ್ನು ಆ ತಪ್ಪಿನೊಳಗೆ ಅಡಗಿದ್ದ ನಿಧಿಯನ್ನು ನೋಡೋಣ. ಚಲನೆಯ ಮಾರ್ಗಗಳಿಂದಾದ ಎರಡು ಹಾಳೆಗಳು ಒಂದನ್ನೊಂದು ಸರಿಯಾಗಿ ಕೂಡಿಕೊಳ್ಳುತ್ತವೆಂದು ಆತನು ಮೊದಲು ಎಣಿಸಿದ್ದನು. ಹಾಗೆ ಕೂಡಿದಲ್ಲಿ ಎಲ್ಲವೂ ಶಿಸ್ತಾಗಿ, ಸ್ಥಿರವಾಗಿ ಉಳಿಯುತ್ತಿತ್ತು. ಮರುಶೋಧನೆಯಲ್ಲಿ ಅವು ಕೂಡದೆ ಒಂದನ್ನೊಂದು ಛೇದಿಸಬಲ್ಲವೆಂದು ತಿಳಿಯಿತು. ಒಮ್ಮೆ ಛೇದಿಸಿದವು ಅನಂತ ಸಲ ಛೇದಿಸಲೇಬೇಕು. ಆಗ ಮಡಿಕೆಯೊಳಗೆ ಮಡಿಕೆಯಾಗಿ, ಎಳೆಯೊಳಗೆ ಎಳೆಯಾಗಿ ಮುಗಿಯದ ಒಂದು ಬಲೆ ಹೆಣೆದುಕೊಳ್ಳುತ್ತದೆ. ಅತ್ಯಂತ ಸಮೀಪದಲ್ಲಿ ಹೊರಟ ಎರಡು ಚಲನೆಗಳು ಆ ಬಲೆಯಲ್ಲಿ ಸಾಗಿ ಕೆಲಕಾಲದಲ್ಲಿಯೇ ಪರಸ್ಪರ ಗುರುತಿಲ್ಲದಷ್ಟು ದೂರವಾಗುತ್ತವೆ. 1892ರಿಂದ 1899ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಖಗೋಳ ಗತಿಶಾಸ್ತ್ರದ ಗ್ರಂಥದಲ್ಲಿ ಆತನು ಈ ಬಲೆಯನ್ನು ವರ್ಣಿಸಿ, ಅದನ್ನು ಚಿತ್ರಿಸುವ ಸಾಹಸಕ್ಕೆ ಕೈಹಾಕದೆ ಬಿಟ್ಟನು. 1890ರಲ್ಲಿ ತಿದ್ದುಪಡಿಯೊಡನೆ ಹೊರಬಂದ ಆ ಪ್ರಬಂಧವೇ ಇಂದು ಗೊಂದಲ ಸಿದ್ಧಾಂತದ ಉಗಮಸ್ಥಾನವೆಂದು ಮಾನ್ಯವಾಗಿದೆ.

1908ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕದಲ್ಲಿ ಪ್ವಾಂಕಾರೆ ಇದೇ ತತ್ತ್ವವನ್ನು ಹವಾಮಾನಕ್ಕೂ ಅನ್ವಯಿಸಿ ತೋರಿಸಿದನು. ವಾಯುಮಂಡಲದ ಸ್ಥಿತಿಯಲ್ಲಿ ನಮ್ಮ ಅಳತೆಗೆ ಸಿಗದ ಅತ್ಯಲ್ಪ ವ್ಯತ್ಯಾಸವೊಂದು ಬಿರುಗಾಳಿಯನ್ನು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ತಿರುಗಿಸಬಲ್ಲುದೆಂಬುದು ಅದರ ಅಭಿಪ್ರಾಯ. 1961ರಲ್ಲಿ ಅಮೆರಿಕದ ಹವಾಮಾನ ಶಾಸ್ತ್ರಜ್ಞ ಎಡ್ವರ್ಡ್ ಲೊರೆನ್ಸನು ಕಂಪ್ಯೂಟರಿಗೆ 0.506127 ಎಂಬ ಅಂಕಿಯ ಬದಲು 0.506 ಎಂದಷ್ಟೇ ಕೊಟ್ಟಾಗ ಹವೆಯ ಲೆಕ್ಕವೆಲ್ಲ ಬೇರೆಯೇ ದಾರಿ ಹಿಡಿಯಿತು. ಪ್ವಾಂಕಾರೆಯ ಒಳಗಣ್ಣು ಕಂಡುದನ್ನು ಯಂತ್ರವು ಹೊರಗಣ್ಣಿಗೆ ತೋರಿಸಿಕೊಟ್ಟಂತಾಯಿತು.

ಇದರಿಂದ ಪಂಚಾಂಗದ ಗ್ರಹಣಗಣಿತ ಸುಳ್ಳಾಗಲಿಲ್ಲ. ಸಮೀಪದ ಕಾಲಕ್ಕೆ ಅದು ಸತ್ಯವೇ. ಆದರೆ ಇಂದು ಭೂಮಿಯ ಸ್ಥಾನವನ್ನು ಅಳೆಯುವಲ್ಲಿ ಹದಿನೈದು ಮೀಟರುಗಳಷ್ಟು ವ್ಯತ್ಯಾಸವಾದರೂ ಹತ್ತು ಕೋಟಿ ವರ್ಷಗಳ ಬಳಿಕ ಅದು ತನ್ನ ಕಕ್ಷೆಯಲ್ಲಿ ಎಲ್ಲಿರುವುದೆಂದು ಹೇಳಲಾಗದೆಂದು 1989ರಲ್ಲಿ ಫ್ರಾನ್ಸಿನವನೇ ಆದ ಜಾಕ್ ಲಾಸ್ಕರ್ ಲೆಕ್ಕ ಹಾಕಿ ತೋರಿಸಿದನು. ನಿಯಮವಿದ್ದೂ ಮುನ್ನೋಟವಿಲ್ಲದ ಪ್ರಾಂತವೊಂದು ಪ್ರಕೃತಿಯಲ್ಲಿದೆಯೆಂಬುದು ಹೀಗೆ ದೃಢವಾಯಿತು.

ಪ್ವಾಂಕಾರೆಯ ಸತ್ಯನಿಷ್ಠೆ ಗಣಿತದ ಹಾಳೆಗಳಿಗಷ್ಟೇ ಸೀಮಿತವಾಗಿರಲಿಲ್ಲ. 1894ರಲ್ಲಿ ಡ್ರೇಫಸ್ ಎಂಬ ಸೈನ್ಯಾಧಿಕಾರಿಗೆ ದೇಶದ್ರೋಹದ ಆರೋಪದ ಮೇಲೆ ಅನ್ಯಾಯವಾಗಿ ಶಿಕ್ಷೆಯಾಗಿತ್ತು. ಆತನ ಕೈಬರೆಹದ ಬಗ್ಗೆ ಬೆರ್ತಿಯೋನ್ ಎಂಬ ತಜ್ಞನು ಗಣಿತದ ಹೆಸರಿನಲ್ಲಿ ಮಂಡಿಸಿದ್ದ ಸಾಕ್ಷ್ಯವು ಹುಸಿಯೆಂದು 1904ರಲ್ಲಿ ಪ್ವಾಂಕಾರೆ, ದಾರ್ಬೂ, ಆಪೆಲ್ ಎಂಬ ಮೂವರು ಗಣಿತಜ್ಞರು ವರದಿ ಕೊಟ್ಟರು. 1906ರಲ್ಲಿ ಡ್ರೇಫಸ್ ನಿರಪರಾಧಿಯೆಂದು ಘೋಷಿತನಾದನು. ತನ್ನ ಲೆಕ್ಕದ ತಪ್ಪನ್ನು ಸಹಿಸದವನು ಲೆಕ್ಕದ ಹೆಸರಿನಲ್ಲಿ ಪರರಿಗಾಗುವ ಅನ್ಯಾಯವನ್ನೂ ಸಹಿಸಲಿಲ್ಲ.

1908ರಲ್ಲಿ ಫ್ರೆಂಚ್ ಸಾಹಿತ್ಯದ ಅತ್ಯುಚ್ಚ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಗೂ ಆತನು ಚುನಾಯಿತನಾದನು. ವಿಜ್ಞಾನದ ಬರೆಹವೂ ಭಾಷೆಯ ಸೊಬಗನ್ನು ಬಿಡಬೇಕಾಗಿಲ್ಲವೆಂಬುದಕ್ಕೆ ಇದು ನಿದರ್ಶನ. 1912ನೆಯ ಇಸವಿ ಜುಲೈ 17ರಂದು, ಶಸ್ತ್ರಚಿಕಿತ್ಸೆಯ ಬಳಿಕ ರಕ್ತನಾಳದಲ್ಲಿ ಉಂಟಾದ ತಡೆಯಿಂದ, ಐವತ್ತೆಂಟನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ಆತನು ದೇಹತ್ಯಾಗ ಮಾಡಿದನು.

ಆತನು ಬಿತ್ತಿದ ಬೀಜ ಇಂದು ಹಲವು ಶಾಸ್ತ್ರಗಳ ಹೊಲಗಳಲ್ಲಿ ಬೆಳೆದು ನಿಂತಿದೆ. ಇರುವೆಯ ಗೂಡು, ಮಿದುಳಿನ ನರಜಾಲ, ಸಂತೆಯ ಧಾರಣೆ, ಮಳೆಗಾಲದ ಮೋಡ ಇವೆಲ್ಲವುಗಳಲ್ಲಿಯೂ ಬಿಡಿ ಅಂಗಗಳು ಸರಳವಾಗಿದ್ದು, ಅವುಗಳ ಪರಸ್ಪರ ಸಂಬಂಧದಿಂದ ಇಡಿಯ ನಡೆ ಸಂಕೀರ್ಣವಾಗುತ್ತದೆ. ಇಂಥವುಗಳನ್ನು ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಅರ್ಥಶಾಸ್ತ್ರಗಳ ವಿದ್ವಾಂಸರು ಒಂದೆಡೆ ಕಲೆತು ಅಭ್ಯಸಿಸಲೆಂದು 1984ರಲ್ಲಿ ಅಮೆರಿಕದ ಸಾಂಟಾ ಫೆ ನಗರದಲ್ಲಿ ಒಂದು ಸಂಸ್ಥೆಯೇ ಸ್ಥಾಪಿತವಾಯಿತು. 2021ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಇದೇ ಕ್ಷೇತ್ರದ ಮನಾಬೆ, ಹ್ಯಾಸೆಲ್‌ಮನ್, ಪಾರಿಸಿ ಎಂಬ ಮೂವರಿಗೆ ಸಂದಿತು.

ಗಣಿತವು ನನ್ನ ವೃತ್ತಿಯಲ್ಲ. ವ್ಯಾಕರಣವೂ ಕಾವ್ಯವೂ ನನ್ನ ಪಾಠಗಳು. ಆದರೂ ಅನೇಕ ವರ್ಷಗಳಿಂದ ಮಕ್ಕಳ ಪುಸ್ತಕಗಳನ್ನು ಕೆಂಪು ಮಸಿಯಿಂದ ತಿದ್ದುತ್ತ ಬಂದ ನನಗೆ ಒಂದು ಅನುಭವವಿದೆ. ತಿದ್ದಿದ ಪುಟವನ್ನು ಮಕ್ಕಳು ಬೇಗನೆ ಮಗುಚಿಬಿಡುತ್ತಾರೆ. ತಪ್ಪಾದ ಪದದ ಮೇಲೆ ಕಣ್ಣು ನಿಲ್ಲಿಸುವವರು ವಿರಳ. ಪ್ರಿಯ ವಿದ್ಯಾರ್ಥಿಗಳೇ, ಪ್ವಾಂಕಾರೆ ಆ ಪುಟವನ್ನು ಮಗುಚಲಿಲ್ಲ. ಅಲ್ಲಿಯೇ ಕಣ್ಣು ನಿಲ್ಲಿಸಿದನು. ಅಲ್ಲಿ ಆತನಿಗೆ ಸರಿಯುತ್ತರವೊಂದೇ ಅಲ್ಲದೆ, ಅದುವರೆಗೆ ಯಾರೂ ಕೇಳದಿದ್ದ ಹೊಸ ಪ್ರಶ್ನೆಯೂ ದೊರೆಯಿತು.