ಕಂಡರೂ ಕಾಲಿಡದ ನಾಡು

ಮೋಶೆಯ 120 ವರ್ಷಗಳ ಬಾಳನ್ನು ಮೂರು ಪಾಲಾಗಿ ನೋಡುವುದು ವಾಡಿಕೆ. ಮೊದಲ 40 ವರ್ಷ ಈಜಿಪ್ಟಿನಲ್ಲಿ, ಫರೋಹನ ಮಗಳ ಸಾಕುಮಗನಾಗಿ. ಮುಂದಿನ 40 ವರ್ಷ ಮಿದ್ಯಾನಿನಲ್ಲಿ, ಮಾವನ ಕುರಿ ಕಾಯುತ್ತಾ. ಕೊನೆಯ 40 ವರ್ಷ ಮರುಭೂಮಿಯಲ್ಲಿ, ಗೊಣಗುವ ಜನರನ್ನು ಕಾಯುತ್ತಾ. ಆ ಕೊನೆಯ ಪಯಣವೆಲ್ಲ ಒಂದೇ ನಾಡಿನ ಕಡೆಗೆ ಸಾಗಿತ್ತು. ಆದರೂ ಅವನು ಆ ನಾಡನ್ನು ಸೇರಲಿಲ್ಲ.

ಯಾವುದು ಆ ನಾಡು? ಮೆಡಿಟರೇನಿಯನ್ ಸಮುದ್ರಕ್ಕೂ ಜೋರ್ಡನ್ ನದಿಗೂ ನಡುವೆ ಇರುವ ಕಿರಿದಾದ ಕಾನಾನ್. ಅಬ್ರಹಾಮ, ಇಸಾಕ, ಯಕೋಬರಿಗೆ ದೇವರು ವಾಗ್ದಾನ ಮಾಡಿದ ನಾಡು. ಅದು ಜನರಿಲ್ಲದ ಬಯಲಾಗಿರಲಿಲ್ಲ. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಕ್ರಿ.ಪೂ. 14ನೇ ಶತಮಾನದ ಮಣ್ಣಿನ ಫಲಕಗಳು ದೊರೆತವು. ಜೆರುಸಲೇಮೂ ಸೇರಿದಂತೆ ಕಾನಾನಿನ ಪಟ್ಟಣಗಳ ಒಡೆಯರು ಫರೋಹನಿಗೆ ಬರೆದ ಓಲೆಗಳು ಅವುಗಳಲ್ಲಿವೆ. ಮೋಶೆಯ ಹೆಸರು ಈಜಿಪ್ಟಿನ ಯಾವ ಶಾಸನದಲ್ಲೂ ಸಿಕ್ಕಿಲ್ಲ. ಅನೇಕ ವಿದ್ವಾಂಸರು ಅವನ ಕಾಲವನ್ನು ಕ್ರಿ.ಪೂ. 13ನೇ ಶತಮಾನವೆಂದು ಎಣಿಸುತ್ತಾರೆ. ಆ ಶತಮಾನದ ಕೊನೆಯಲ್ಲಿ ಫರೋಹ ಮೆರ್ನೆಪ್ತಾ ಕೆತ್ತಿಸಿದ ಶಿಲಾಶಾಸನವೊಂದು 1896ರಲ್ಲಿ ಪತ್ತೆಯಾಯಿತು. ಕಾನಾನಿನಲ್ಲಿದ್ದ ಇಸ್ರಯೇಲ್ ಎಂಬ ಜನಾಂಗವನ್ನು ಅದು ಹೆಸರಿಸುತ್ತದೆ.

ಈಜಿಪ್ಟಿನ ಹೊಲಗಳಿಗೆ ನೈಲ್ ನದಿಯ ನೀರಿತ್ತು. ಕಾನಾನಿನ ಗುಡ್ಡಗಳಿಗೆ ಮಳೆಯೇ ಗತಿ. ಧರ್ಮೋಪದೇಶಕಾಂಡವು ಈ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ಗೋದಿ, ಜವೆಗೋದಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಓಲಿವ್ ಎಲ್ಲವೂ ಅಲ್ಲಿ ಬೆಳೆಯುತ್ತವೆ, ನಿಜ. ಆದರೆ ಮುಗಿಲತ್ತ ಮುಖವೆತ್ತದೆ ಅಲ್ಲಿ ಬಾಳಲಾಗದು. ಯಾಜಕಕಾಂಡದ ಪ್ರಕಾರ ಭೂಮಿ ದೇವರದು, ಜನರು ಅಲ್ಲಿ ಒಕ್ಕಲಿರುವವರು ಮಾತ್ರ. ಆದ್ದರಿಂದಲೇ ಅದನ್ನು ಶಾಶ್ವತವಾಗಿ ಮಾರುವಂತಿರಲಿಲ್ಲ. ಮಾರಿದ ಹೊಲ 50ನೇ ವರ್ಷದಲ್ಲಿ ಹಿಂದಿನ ಮನೆತನಕ್ಕೆ ಮರಳಬೇಕಿತ್ತು. ಕೊಯ್ಲಿನಲ್ಲಿ ಉಳಿದ ತೆನೆ ಬಡವರಿಗೂ ಪರದೇಶಿಗಳಿಗೂ ಸೇರಬೇಕಿತ್ತು. ಮೋಶೆ ಜನರಿಗೆ ಕಲಿಸಿದ್ದು ಇದನ್ನೇ: ವಾಗ್ದತ್ತ ನಾಡು ದಾನವೂ ಹೌದು, ಹೊಣೆಯೂ ಹೌದು.

ಅವನು ಕಳುಹಿಸಿದ 12 ಮಂದಿ ಗೂಢಚಾರರು 40 ದಿನ ಸುತ್ತಾಡಿ, ಇಬ್ಬರು ಕೋಲಿನ ಮೇಲೆ ಹೊರಬೇಕಾದಷ್ಟು ದೊಡ್ಡ ದ್ರಾಕ್ಷಿಗೊಂಚಲನ್ನು ತಂದರು. ಆದರೆ ಯೆಹೋಶುವ ಮತ್ತು ಕಾಲೇಬರನ್ನು ಬಿಟ್ಟು ಉಳಿದವರೆಲ್ಲ ಹೆದರಿದರು. ಜನರೂ ಹೆದರಿ ಮರುಭೂಮಿಯಲ್ಲೇ ಅಲೆಯಬೇಕಾಯಿತು. ಮುಂದೆ ಕಾದೇಶಿನಲ್ಲಿ ನೀರಿಗಾಗಿ ಗಲಾಟೆಯಾದಾಗ ಬಂಡೆಗೆ ಮಾತನಾಡು ಎಂಬ ಅಪ್ಪಣೆಯಿದ್ದರೂ ಮೋಶೆ ಅದನ್ನು ಕೋಲಿನಿಂದ ಎರಡು ಬಾರಿ ಹೊಡೆದನು. ನೀರು ಉಕ್ಕಿತು, ಆದರೆ ನಾಡಿನ ಬಾಗಿಲು ಅವನಿಗೆ ಮುಚ್ಚಿತು. ಜೋರ್ಡನ್ ದಾಟಲು ಬಿಡಬೇಕೆಂದು ಅವನು ಅಂಗಲಾಚಿದನು. ದೇವರು ಒಪ್ಪಲಿಲ್ಲ. ಅವನು ಮುನಿಸಿಕೊಂಡು ಕೈಕಟ್ಟಿ ಕೂರಲಿಲ್ಲ. ಯೆಹೋಶುವನ ಮೇಲೆ ಹಸ್ತವಿಟ್ಟು ಹೊಣೆಯನ್ನು ಒಪ್ಪಿಸಿದನು.

ಕೊನೆಗೆ ಮೋವಾಬಿನ ನೆಬೋ ಬೆಟ್ಟದಿಂದ ದೇವರು ಅವನಿಗೆ ನಾಡನ್ನೆಲ್ಲ ತೋರಿಸಿದರು. ಖರ್ಜೂರದ ಮರಗಳ ಜೆರಿಕೋ ಕಣ್ಣೆದುರಿಗೇ ಇತ್ತು. ಅಲ್ಲಿಯೇ ಅವನು ತೀರಿಕೊಂಡನು. ಜನರು 30 ದಿನ ಗೋಳಾಡಿದರು. ಅವನ ಸಮಾಧಿ ಎಲ್ಲಿದೆಯೆಂಬುದು ಯಾರಿಗೂ ತಿಳಿಯದು. ಇಂದು ಜೋರ್ಡನ್ ದೇಶದಲ್ಲಿರುವ ಆ ಬೆಟ್ಟದ ಪುರಾತನ ದೇವಾಲಯವನ್ನು ಫ್ರಾನ್ಸಿಸ್ಕನ್ ಸಭೆಯವರು ನೋಡಿಕೊಳ್ಳುತ್ತಿದ್ದಾರೆ. 2000ದ ಮಾರ್ಚಿನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅಲ್ಲಿ ನಿಂತು ಪ್ರಾರ್ಥಿಸಿದರು.

ಆದರೆ ಮೋಶೆಯ ಕಥೆ ನೆಬೋದಲ್ಲಿ ಮುಗಿಯುವುದಿಲ್ಲ. ಯೇಸುಸ್ವಾಮಿಯ ರೂಪಾಂತರದ ವೇಳೆ ಬೆಟ್ಟದ ಮೇಲೆ ಎಲೀಯನೊಡನೆ ಕಾಣಿಸಿಕೊಂಡವನು ಇದೇ ಮೋಶೆ. ಪರಂಪರೆ ಆ ಬೆಟ್ಟವನ್ನು ಗಲಿಲೇಯದ ತಾಬೋರ್ ಎನ್ನುತ್ತದೆ. ನದಿಯಾಚೆಯಿಂದ ನೋಡಿದ್ದ ನಾಡಿನಲ್ಲಿ ಅವನು ಕೊನೆಗೂ ಪ್ರಭುವಿನ ಪಕ್ಕದಲ್ಲೇ ನಿಂತನು.

ಪ್ರಿಯ ಓದುಗರೇ, ಮಕ್ಕಳ ಒಳಿತಿಗಾಗಿ ದುಡಿದು ಅದರ ಫಲವನ್ನು ಕಾಣದೆಯೇ ಕಣ್ಮುಚ್ಚಿದ ತಂದೆತಾಯಿಗಳು ನಮ್ಮ ಮನೆಗಳಲ್ಲೂ ಇದ್ದಾರೆ. ಬಿತ್ತಿದವರೇ ಕೊಯ್ಯಬೇಕೆಂಬ ನಿಯಮವಿಲ್ಲ. ದೇವರು ತೋರಿದ ದಾರಿಯಲ್ಲಿ ಮಕ್ಕಳನ್ನು ನದಿಯ ದಡದವರೆಗೆ ಕರೆತರುವುದು ನಮ್ಮ ಪಾಲಿನ ಕೆಲಸ. ದಾಟಿಸುವವರು ದೇವರು.