ಲಾರ್ಡ್ ಲುಗಾರ್ಡರೂ ನೈಜೀರಿಯದ ಜೋಡಣೆಯೂ

ನೆರೆಹೊರೆಯ ಎರಡು ಸೀಮೆಗಳನ್ನು ಒಂದುಗೂಡಿಸಲು ಆಳುವವರಿಗೆ ಒಂದು ಆಜ್ಞಾಪತ್ರವು ಸಾಕು. ಅಲ್ಲಿಯ ಜನರಲ್ಲಿ ಐಕ್ಯವನ್ನುಂಟುಮಾಡುವುದಾದರೋ ಬೇರೆಯೇ ಕಾರ್ಯ. ಈ ಎರಡರ ಅಂತರವನ್ನು ಅರಿಯಲಿಚ್ಛಿಸುವವರು ಪಶ್ಚಿಮ ಆಫ್ರಿಕದ ನೈಜೀರಿಯವನ್ನು ಜೋಡಿಸಿದ ಲಾರ್ಡ್ ಲುಗಾರ್ಡರ ಚರಿತ್ರವನ್ನು ಅವಲೋಕಿಸಬೇಕೆಂದು ನಾವು ಸೂಚಿಸುತ್ತೇವೆ.

ಫ್ರೆಡರಿಕ್ ಲುಗಾರ್ಡರು ಜನಿಸಿದುದು ೧೮೫೮ರಲ್ಲಿ, ಮದರಾಸು ಪಟ್ಟಣದಲ್ಲಿ. ತಂದೆ ಅಲ್ಲಿ ಪಾದ್ರಿಗಳಾಗಿದ್ದರು. ಮಗನು ಸೈನ್ಯವನ್ನು ಸೇರಿ ಅಫಘಾನಿಸ್ಥಾನ, ಸುಡಾನ, ಬ್ರಹ್ಮದೇಶಗಳ ಯುದ್ಧಗಳಲ್ಲಿ ಭಾಗವಹಿಸಿದನು. ೧೮೮೮ರಲ್ಲಿ ನ್ಯಾಸಾ ಸರೋವರದ ಬಳಿ ಗುಲಾಮರ ವ್ಯಾಪಾರಿಗಳೊಡನೆ ಕಾದಾಡಿ ತೀವ್ರವಾಗಿ ಗಾಯಗೊಂಡನು. ಆ ಶೌರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುಲಾಮಗಿರಿಯನ್ನು ದ್ವೇಷಿಸಿದ ಅದೇ ಕೈ ಮುಂದೆ ಪರರಾಜ್ಯಗಳನ್ನು ಸಾಮ್ರಾಜ್ಯಕ್ಕೆ ಸೇರಿಸುವ ಕಾರ್ಯದಲ್ಲಿ ತೊಡಗಿತು.

೧೯೦೦ರಲ್ಲಿ ಲುಗಾರ್ಡರು ಉತ್ತರ ನೈಜೀರಿಯದ ಹೈಕಮಿಷನರರಾದರು. ೧೯೦೩ರಲ್ಲಿ ಕಾನೊ, ಸೊಕೊಟೊಗಳನ್ನು ಗೆದ್ದರು. ಗೆದ್ದ ಮೇಲೆ ಅಮೀರರ ಪೀಠಗಳನ್ನು ಅಳಿಸದೆ, ತಮಗೆ ಒಡಂಬಟ್ಟವರನ್ನು ಅವುಗಳ ಮೇಲೆ ಕುಳ್ಳಿರಿಸಿ, ಪಕ್ಕದಲ್ಲಿ ರೆಸಿಡೆಂಟರನ್ನಿರಿಸಿದರು. ದೇಶೀ ಸಂಸ್ಥಾನಗಳ ಇತಿಹಾಸವನ್ನು ಬಲ್ಲ ನಮ್ಮ ವಾಚಕರಿಗೆ ಈ ಪದ್ಧತಿಯು ಅಪರಿಚಿತವಲ್ಲ. ನೈಜೀರಿಯವೆಂಬ ಹೆಸರೂ ಆ ನೆಲದಲ್ಲಿ ಹುಟ್ಟಿದುದಲ್ಲ. ೧೮೯೭ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ಸೂಚಿಸಿದವರು ಫ್ಲೋರಾ ಶಾ ಎಂಬ ಲೇಖಕಿ. ೧೯೦೨ರಲ್ಲಿ ಲುಗಾರ್ಡರು ಆಕೆಯನ್ನೇ ವರಿಸಿದರು.

ಉತ್ತರ ಸೀಮೆಗೆ ಸಮುದ್ರವಿರಲಿಲ್ಲ. ಅದರ ಆಡಳಿತವು ಬ್ರಿಟಿಷ್ ಬೊಕ್ಕಸದ ಸಹಾಯಧನವಿಲ್ಲದೆ ನಡೆಯುತ್ತಿರಲಿಲ್ಲ. ೧೯೦೬ರಲ್ಲಿ ಲಾಗೋಸನ್ನು ಒಳಗೊಂಡ ದಕ್ಷಿಣ ಸೀಮೆಗಾದರೋ ತಾಳೆಯೆಣ್ಣೆಯ ವ್ಯಾಪಾರವಿದ್ದಿತು. ಬಂದರುಗಳ ಸುಂಕ, ಮುಖ್ಯವಾಗಿ ಮದ್ಯದ ಸುಂಕ, ಖರ್ಚಿಗೆ ಮಿಕ್ಕುವಷ್ಟು ಬರುತ್ತಿತ್ತು. ಇದಲ್ಲದೆ ಎರಡು ಸರಕಾರಗಳೂ ಪ್ರತ್ಯೇಕವಾಗಿ ರೈಲುದಾರಿಗಳನ್ನು ಹಾಕಿಸುತ್ತಿದ್ದವು. ದಕ್ಷಿಣದ ಉಳಿತಾಯದಿಂದ ಉತ್ತರದ ಕೊರತೆಯನ್ನು ತುಂಬಿದರೆ ಲಂಡನ್ನಿನ ಹೊರೆ ಇಳಿಯುವುದೆಂಬುದೇ ವಸಾಹತು ಇಲಾಖೆಯ ಪ್ರಧಾನವಾದ ಲೆಕ್ಕಾಚಾರವಾಗಿತ್ತು. ಹಾಂಗ್‌ಕಾಂಗಿನ ಗವರ್ನರರಾಗಿದ್ದ ಲುಗಾರ್ಡರನ್ನು ೧೯೧೨ರಲ್ಲಿ ಕರೆಸಿ ಎರಡು ಸೀಮೆಗಳನ್ನೂ ಅವರಿಗೊಪ್ಪಿಸಲಾಯಿತು. ೧೯೧೪ನೆಯ ಜನವರಿ ೧ರಂದು ಜೋಡಣೆಯು ನೆರವೇರಿತು. ಲಕ್ಷಾಂತರ ಪ್ರಜೆಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕೂಡಿದುದೇನು, ಕೂಡದುದೇನು ಎಂಬುದನ್ನು ವಾಚಕರು ಗಮನಿಸಬೇಕು. ಬೊಕ್ಕಸ, ರೈಲು, ಸುಂಕ, ಸೈನ್ಯಗಳು ಕೂಡಿದವು. ಆದರೆ ಎರಡು ಭಾಗಗಳಿಗೂ ಪ್ರತ್ಯೇಕ ಲೆಫ್ಟಿನೆಂಟ್ ಗವರ್ನರರು ಉಳಿದರು. ಆಡಳಿತದ ರೀತಿಯೂ ಬೇರೆಬೇರೆಯಾಗಿಯೇ ಉಳಿಯಿತು. ಉತ್ತರದ ಅಚ್ಚಿನಲ್ಲಿ ದಕ್ಷಿಣವನ್ನು ಎರಕಹೊಯ್ಯಲು ಹೋದಾಗ ೧೯೧೮ರಲ್ಲಿ ಎಗ್ಬಾ ಜನರು ದಂಗೆಯೆದ್ದರು. ಲುಗಾರ್ಡರು ತೆರಳಿದ ಮೇಲೆ, ೧೯೨೨ರಲ್ಲಿ ಏರ್ಪಟ್ಟ ಶಾಸನಸಭೆಯೂ ದಕ್ಷಿಣಕ್ಕೆ ಮಾತ್ರ ಶಾಸನಮಾಡುತ್ತಿತ್ತು. ಉತ್ತರದವರೂ ದಕ್ಷಿಣದವರೂ ಒಂದೇ ಶಾಸನಸಭೆಯಲ್ಲಿ ಕುಳಿತುಕೊಳ್ಳಲು ೧೯೪೭ರವರೆಗೆ ಕಾಯಬೇಕಾಯಿತು. ಸುಂಕದ ಹಣವು ಒಂದೇ ದಿನದಲ್ಲಿ ಒಂದಾಯಿತು. ಜನಪ್ರತಿನಿಧಿಗಳು ಒಂದೆಡೆ ಸೇರುವುದಕ್ಕೆ ಮೂವತ್ತಮೂರು ವರ್ಷಗಳು ಹಿಡಿದವು.

ನಿವೃತ್ತಿಯ ತರುವಾಯ ಲುಗಾರ್ಡರು ತಮ್ಮ ಪದ್ಧತಿಯನ್ನು ಸಮರ್ಥಿಸಿ ಗ್ರಂಥ ಬರೆದರು. ರಾಷ್ಟ್ರಸಂಘದ ಮ್ಯಾಂಡೇಟ್ ಮಂಡಲಿಯಲ್ಲಿ ೧೯೩೬ರವರೆಗೆ ಸದಸ್ಯರಾಗಿದ್ದರು. ೧೯೨೮ರಲ್ಲಿ ಲಾರ್ಡ್ ಪದವಿಯನ್ನು ಪಡೆದರು. ೧೯೪೫ರ ಏಪ್ರಿಲಿನಲ್ಲಿ ತೀರಿಕೊಂಡರು. ನೈಜೀರಿಯವು ೧೯೬೦ರಲ್ಲಿ ಸ್ವತಂತ್ರವಾಯಿತು. ೧೯೬೭ರಿಂದ ೧೯೭೦ರವರೆಗೆ ಬಿಯಾಫ್ರದ ಅಂತರ್ಯುದ್ಧದಲ್ಲಿ ಅಸಂಖ್ಯ ಜನರು ಗುಂಡಿಗೂ ಹಸಿವಿಗೂ ಬಲಿಯಾದರು. ಆ ಅನರ್ಥದ ಸಮಸ್ತ ಹೊಣೆಯನ್ನೂ ಗತಿಸಿದ ಒಬ್ಬ ಅಧಿಕಾರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಸ್ವತಂತ್ರ ನೈಜೀರಿಯದ ನಾಯಕರ ಪಾಲೂ ಅದರಲ್ಲಿದ್ದಿತು. ಆದರೂ ಪರಸ್ಪರ ಪರಿಚಯವೇ ಬೆಳೆಯದಂತೆ ಜನರನ್ನು ಬೇರೆಬೇರೆಯಾಗಿಟ್ಟು, ಅವರ ಹಣವನ್ನು ಮಾತ್ರ ಒಂದೇ ಚೀಲದಲ್ಲಿ ಹಾಕಿದ ನೀತಿಯನ್ನು ನಾವು ಐಕ್ಯವೆಂದು ಕರೆಯಲಾರೆವು. ಇಂದಿಗೂ ನೈಜೀರಿಯವು ಒಂದೇ ರಾಷ್ಟ್ರವಾಗಿ ಉಳಿದಿದೆಯಾದರೆ ಅದರ ಶ್ರೇಯವು ೧೯೧೪ರ ಆಜ್ಞಾಪತ್ರಕ್ಕಲ್ಲ, ಅಷ್ಟೆಲ್ಲ ನೋವನ್ನುಂಡೂ ಕೂಡಿ ಬಾಳುತ್ತಿರುವ ಅಲ್ಲಿಯ ಜನರಿಗೇ ಸಲ್ಲತಕ್ಕದ್ದು.