ನಿಕ್ಲಾಸ್ ಲೂಮನ್: ಚೀಟಿಗಳ ನಡುವೆ ರೂಪುಗೊಂಡ ವಿದ್ವತ್ತು

ಗ್ರಂಥವೊಂದು ಪ್ರಕಟವಾದ ಮೇಲೆ ಅದಕ್ಕಾಗಿ ಮಾಡಿಕೊಂಡ ಟಿಪ್ಪಣಿಗಳು ಸಾಮಾನ್ಯವಾಗಿ ಮೂಲೆಗುಂಪಾಗುತ್ತವೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927-1998) ಅವರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ಚೀಟಿಗಳು ನಾಲ್ಕೂವರೆ ದಶಕ ಬೆಳೆಯುತ್ತಲೇ ಹೋಗಿ ಒಂದಾದ ಮೇಲೊಂದು ಗ್ರಂಥಕ್ಕೆ ಆಧಾರವಾದವು. ಕಂಪ್ಯೂಟರಿನಲ್ಲಿ ಟಿಪ್ಪಣಿಗಳನ್ನು ಪರಸ್ಪರ ಜೋಡಿಸಿ ಸ್ವಂತ ಜ್ಞಾನವ್ಯವಸ್ಥೆಯನ್ನು ಕಟ್ಟಿಕೊಳ್ಳುವ ಇಂದಿನವರಲ್ಲಿ ಅನೇಕರು ಇವರನ್ನೇ ಮಾದರಿಯಾಗಿ ಸ್ವೀಕರಿಸಿರುವುದರಿಂದ, ಆ ಚೀಟಿಗಳ ಹಿನ್ನೆಲೆಯಲ್ಲಿ ಅವರ ಬದುಕನ್ನು ಪರಿಶೀಲಿಸುವುದು ಉಚಿತ.

ಲೂನೆಬರ್ಗ್ ಪಟ್ಟಣದಲ್ಲಿ ಬಿಯರ್ ತಯಾರಿಕೆಯ ಉದ್ಯಮವಿದ್ದ ಮನೆತನದಲ್ಲಿ ಜನಿಸಿದ ಲೂಮನ್ ಹದಿಹರೆಯದಲ್ಲಿಯೇ ಯುದ್ಧಸೇವೆಗೆ ಹೋಗಬೇಕಾಯಿತು. 1945ರಲ್ಲಿ ಅಮೆರಿಕನ್ ಸೇನೆಗೆ ಸೆರೆಯಾದರು. ಬಿಡುಗಡೆಯ ನಂತರ 1946ರಿಂದ 1949ರವರೆಗೆ ಫ್ರೈಬರ್ಗ್‌ನಲ್ಲಿ ಕಾನೂನನ್ನು ಅಭ್ಯಸಿಸಿ ಸರ್ಕಾರಿ ಆಡಳಿತ ಸೇವೆಗೆ ಸೇರಿದರು. ವಿಶ್ವವಿದ್ಯಾಲಯದ ಆಶ್ರಯವಿಲ್ಲದ ಈ ಅವಧಿಯಲ್ಲಿಯೇ, 1950ರ ದಶಕದ ಆರಂಭದಲ್ಲಿ, ಅವರು ಚೀಟಿಗಳನ್ನು ಬರೆದಿಡಲು ತೊಡಗಿದರು.

ಮೊದಲ ಸಂಗ್ರಹವು ನೂರಕ್ಕೂ ಹೆಚ್ಚು ವಿಷಯ ವಿಭಾಗಗಳಲ್ಲಿ ಹರಡಿಕೊಂಡು ಸುಮಾರು 23,000 ಚೀಟಿಗಳಷ್ಟಾಯಿತು. 1960-61ರಲ್ಲಿ ಹಾರ್ವರ್ಡ್‌ಗೆ ತೆರಳಿ ಟಾಲ್ಕಟ್ ಪಾರ್ಸನ್ಸ್ ಅವರ ಸಮಾಜಶಾಸ್ತ್ರದ ನಿಕಟ ಪರಿಚಯ ಪಡೆದದ್ದು ಅವರ ಆಸಕ್ತಿಯ ದಿಕ್ಕನ್ನು ಬದಲಿಸಿತು. 1963ರ ಸುಮಾರಿಗೆ ಅವರು ಕೇವಲ ಹನ್ನೊಂದು ಮುಖ್ಯ ವಿಭಾಗಗಳ ಹೊಸ ಸಂಗ್ರಹವನ್ನು ಆರಂಭಿಸಿದರು. ಇದು ಮುಂದೆ ಸುಮಾರು 67,000 ಚೀಟಿಗಳಿಗೆ ಬೆಳೆಯಿತು.

ಈ ಪದ್ಧತಿಯ ತಿರುಳು ವಿಷಯಾನುಸಾರ ವಿಂಗಡಣೆಯಲ್ಲಿಲ್ಲ. ಪ್ರತಿ ಚೀಟಿಗೂ ಬದಲಾಗದ ಒಂದು ಸಂಖ್ಯೆಯಿದೆ. ಉದಾಹರಣೆಗೆ, 21/3 ಎಂಬ ಚೀಟಿಯಲ್ಲಿನ ಒಂದು ಮಾತನ್ನು ವಿಸ್ತರಿಸುವ ಹೊಸ ಚೀಟಿಯು 21/3ಎ ಆಗಿ ಅದರ ಹಿಂದೆಯೇ ನಿಲ್ಲುತ್ತದೆ. 21/4ನ್ನು ಕದಲಿಸಬೇಕಾಗಿಲ್ಲ. ದೂರದ ಚೀಟಿಯೊಂದಕ್ಕೆ ಸಂಬಂಧವಿದ್ದರೆ ಅದರ ಸಂಖ್ಯೆಯನ್ನು ನಮೂದಿಸಿದರಾಯಿತು. ಪದಸೂಚಿಯಲ್ಲಿ ಒಂದು ಪದದ ಎದುರು ಕೆಲವೇ ಸಂಖ್ಯೆಗಳಿರುತ್ತವೆ. ಅವು ಪ್ರವೇಶದ್ವಾರಗಳು ಮಾತ್ರ. ಮುಂದಿನ ದಾರಿಯನ್ನು ಚೀಟಿಗಳೊಳಗಿನ ಉಲ್ಲೇಖಗಳೇ ತೋರಿಸುತ್ತವೆ. ಹೀಗೆ ಸಾಗುವಾಗ, ಬರೆದವರೇ ಮರೆತಿದ್ದ ಸಂಬಂಧಗಳು ಎದುರಾಗುವುದರಿಂದ ಈ ಪೆಟ್ಟಿಗೆಯು ತಮ್ಮನ್ನು ಅಚ್ಚರಿಗೊಳಿಸಬಲ್ಲ ಸಂವಾದಿಯೆಂದು ಅವರು 1981ರ ಪ್ರಬಂಧವೊಂದರಲ್ಲಿ ನಿರೂಪಿಸಿದರು.

1966ರಲ್ಲಿ ಮ್ಯೂನ್‌ಸ್ಟರ್‌ನಲ್ಲಿ ಡಾಕ್ಟರೇಟ್ ಪಡೆದ ಲೂಮನ್, 1960ರ ದಶಕದ ಕೊನೆಯಲ್ಲಿ ಹೊಸದಾಗಿ ಸ್ಥಾಪಿತವಾಗಿದ್ದ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ತಮ್ಮ ಸಂಶೋಧನ ಯೋಜನೆಯನ್ನು ತಿಳಿಸಬೇಕಾಗಿ ಬಂದಾಗ ಸಮಾಜದ ಸಿದ್ಧಾಂತವೆಂಬ ವಿಷಯವನ್ನೂ ಮೂವತ್ತು ವರ್ಷಗಳ ಅವಧಿಯನ್ನೂ ಸೂಚಿಸಿ, ವೆಚ್ಚವೇನೂ ಇಲ್ಲವೆಂದು ನಮೂದಿಸಿದರು. ಆ ಯೋಜನೆಯ ಸಮಾಪ್ತಿಯೆನ್ನಬಹುದಾದ ಬೃಹದ್ಗ್ರಂಥವು 1997ರಲ್ಲಿ ಪ್ರಕಟವಾಯಿತು; ಮರುವರ್ಷ ಅವರು ನಿಧನರಾದರು.

2011ರಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯವು ಅವರ ಬರಹಗಳನ್ನು ಪಡೆದುಕೊಂಡಿತು. 2015ರಲ್ಲಿ ಆರಂಭವಾದ ಸಂಪಾದನ ಯೋಜನೆಯ ಫಲವಾಗಿ 2019ರಿಂದ ಚೀಟಿಗಳು ಅಂತರಜಾಲದಲ್ಲಿ ಓದಲು ದೊರೆಯತೊಡಗಿದವು. ಕೈಬರಹದ ಸಂಖ್ಯೆಯಾಗಿದ್ದ ಉಲ್ಲೇಖವು ಈಗ ಒತ್ತಿದರೆ ತೆರೆಯುವ ಕೊಂಡಿಯಾಗಿದೆ. ಆದರೆ ಲೂಮನ್ ಅವರಿಗೆ ಸಂವಾದಿಯಾಗಿದ್ದ ಪೆಟ್ಟಿಗೆ ನಮಗೂ ಹಾಗೆಯೇ ಮಾತನಾಡುವುದೆಂದು ಭಾವಿಸಲಾಗದು. ಎಷ್ಟೋ ಚೀಟಿಗಳು ಬರೆದವರಿಗೆ ಮಾತ್ರ ಪೂರ್ಣಾರ್ಥ ಕೊಡುವಷ್ಟು ಸಂಕ್ಷಿಪ್ತವಾಗಿವೆ. ಹೊಸ ಚೀಟಿಯನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಲು ಅವರು ಪ್ರತಿಸಲವೂ ಹಳೆಯದನ್ನು ತೆಗೆದು ಓದಬೇಕಾಗಿತ್ತು. ಅವರ ಚಿಂತನೆಯ ಬಹುಪಾಲು ನಡೆದದ್ದು ಈ ಮರು ಓದಿನಲ್ಲಿಯೇ ಎನ್ನಬಹುದು. ಇಂದಿನ ತಂತ್ರಾಂಶವು ಕೊಂಡಿ ಹಾಕುವ ಶ್ರಮವನ್ನು ಇಲ್ಲವಾಗಿಸಿದೆ. ಅದರೊಡನೆ ಮರು ಓದನ್ನೂ ಕೈಬಿಟ್ಟರೆ, ನಮ್ಮ ಸಂಶೋಧಕರ ಕಪಾಟುಗಳಲ್ಲಿನ ನೆರಳಚ್ಚು ಪ್ರತಿಗಳ ರಾಶಿಯೇ ಗಣಕದೊಳಗೆ ಇನ್ನೊಂದು ರೂಪದಲ್ಲಿ ಮುಂದುವರಿಯುತ್ತದೆ.